ಮೂರು ಕೌದಿ ಹೊದಿಸಿದರೂ ಬೆಚ್ಚಗಾಗದ ಮೈ: ಥೈರಾಯ್ಡ್ ಕೊರತೆಯನ್ನು ಹಾಗೇ ಬಿಟ್ಟಾಗ

ಜನವರಿಯ ಮೊದಲ ವಾರ. ವಿಜಯಪುರದ ಕಡೆಯ ಆ ದಿನಗಳ ಚಳಿ ಅನುಭವಿಸಿದವರಿಗೇ ಗೊತ್ತು. ಹಗಲು ಬಿಸಿಲು ಚೆನ್ನಾಗಿಯೇ ಇರುತ್ತದೆ. ರಾತ್ರಿಯಾದರೆ ನೆಲ, ಗೋಡೆ ಎಲ್ಲ ಕೊರೆಯುತ್ತವೆ. ಇಂಡಿ ತಾಲ್ಲೂಕಿನ ನಮ್ಮ ಊರಿನಿಂದ ಅಣ್ಣ, ಅಂದರೆ ದೊಡ್ಡವ್ವನ ಮಗ, ಫೋನ್ ಮಾಡಿದ. "ಅವ್ವ ಬರೇ ಮಲಗೇ ಇರ್ತಾಳ. ಕರದ್ರ ಹೂಂ ಅಂತಾಳ, ಮತ್ತ ಕಣ್ಣು ಮುಚ್ತಾಳ. ಥಂಡಿ ಹತ್ತೈತಿ ಅಂತ ಕಾಣಸ್ತೈತಿ" ಅಂದ.

ನಾನು ಹೋಗುವಷ್ಟರಲ್ಲಿ ದೊಡ್ಡವ್ವನ ಮೇಲೆ ಮೂರು ಕೌದಿ ಇದ್ದವು. ಆದರೂ ಕೈ ಮುಟ್ಟಿದರೆ ಹೊರಗಿನ ಕಟ್ಟೆಯ ಕಲ್ಲಿನಷ್ಟು ತಣ್ಣಗೆ. ಮುಖ ಬಾತಿತ್ತು. ಎರಡೂ ಹುಬ್ಬುಗಳ ಹೊರತುದಿ ಉದುರಿ ಬೋಳಾಗಿತ್ತು. ಮನೆಯಲ್ಲಿದ್ದ ಹಳೇ ಪಾದರಸದ ಥರ್ಮಾಮೀಟರನ್ನು ಕಂಕುಳಲ್ಲಿಟ್ಟೆ. ಪಾದರಸ ಏಳಲೇ ಇಲ್ಲ. ಸರಿಯಾಗಿ ಇಟ್ಟಿಲ್ಲವೇನೋ ಅಂದುಕೊಂಡು, ಜಾಡಿಸಿ ಮತ್ತೆ ಇಟ್ಟೆ. ಆಗಲೂ ಅಷ್ಟೇ. "ಜ್ವರ ಇಲ್ಲಲ್ಲ, ಚಲೋ ಆತು" ಅಂದರು ಅತ್ತಿಗೆ. ನನಗೂ ಹಾಗೇ ಅನ್ನಿಸಿತು. ಆ ಥರ್ಮಾಮೀಟರಿನ ಗೆರೆಗಳು ಶುರುವಾಗುವುದೇ 94 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಿಂದ. ಅದಕ್ಕಿಂತ ಕೆಳಗಿಳಿದ ಮೈಯನ್ನು ಅದು ಅಳೆಯಲಾರದು. ಅದು ಆಗ ತಲೆಗೆ ಹೊಳೆಯಲಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದ ವೈದ್ಯೆ ಚಿಕ್ಕ ವಯಸ್ಸಿನವರು. ದೊಡ್ಡವ್ವನ ಕೊರಳಲ್ಲಿದ್ದ ಬೋರಮಾಳವನ್ನು ಬೆರಳಿನಿಂದ ಸ್ವಲ್ಪ ಸರಿಸಿ ನೋಡಿದರು. ಅದರ ಅಡಿಯಲ್ಲಿ ತೆಳ್ಳನೆಯ ಒಂದು ಅಡ್ಡ ಗೆರೆ. ಹಳೆಯ ಹೊಲಿಗೆಯ ಗುರುತು. "ಇವರಿಗೆ ಥೈರಾಯ್ಡ್ ಆಪರೇಷನ್ ಆಗೇತೇನ್ರಿ? ಗುಳಿಗಿ ತಗೋತಾರೇನು?" ಅಂತ ಕೇಳಿದರು.

ಆಪರೇಷನ್ ಆಗಿ ಹನ್ನೆರಡು ವರ್ಷವಾಗಿತ್ತು. ಗುಳಿಗೆಯ ಬಾಟಲಿ ದಸರಾ ಹೊತ್ತಿಗೆ ಖಾಲಿಯಾಗಿತ್ತು. "ಆರಾಮ ಅದೀನಲ್ಲ, ಮತ್ಯಾಕ ರೊಕ್ಕ ಹಾಕೂದು" ಅಂತ ದೊಡ್ಡವ್ವ ಹೊಸ ಬಾಟಲಿ ತರಿಸಿರಲಿಲ್ಲ. ನಾವ್ಯಾರೂ ಕೇಳಿರಲೂ ಇಲ್ಲ.

ದೊಡ್ಡವ್ವನಿಗೆ ಆಗಿದ್ದು ಮಿಕ್ಸಿಡಿಮಾ ಕೋಮಾ, ಅಂದರೆ ಥೈರಾಯ್ಡ್ ಹಾರ್ಮೋನು ವಿಪರೀತ ಕಡಿಮೆಯಾಗಿ ಮೈ ತಣ್ಣಗಾಗಿ ಮಂಪರು ಕವಿಯುವ ಸ್ಥಿತಿ. ಆ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಆ ರಾತ್ರಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಥೈರಾಯ್ಡ್ ಗ್ರಂಥಿಯ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಮನೆಯಲ್ಲೇ ಬಂದಾಗ ಗುರುತು ಹಿಡಿಯಲಾಗಲಿಲ್ಲ. ಆಮೇಲೆ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು ಬಹಳ ಜನ ಇದ್ದಾರೆ, ಅಲ್ವಾ? ದೇಶದ ಎಂಟು ನಗರಗಳ ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನೂರಕ್ಕೆ ಸುಮಾರು 11 ಜನರಿಗೆ ಥೈರಾಯ್ಡ್ ಕೊರತೆ ಇತ್ತು. ಇಷ್ಟು ಸಾಮಾನ್ಯವಾದ ಕಾಯಿಲೆ ಆದ್ದರಿಂದಲೇ ಅದರ ಬಗ್ಗೆ ಭಯ ಹೋಗಿದೆ. ದೊಡ್ಡ ತೊಂದರೆಗಳು ಅಪರೂಪವಾಗಿರುವುದು ಜನ ಗುಳಿಗೆ ನುಂಗುತ್ತಿರುವುದರಿಂದ. ಕಾಯಿಲೆ ಸೌಮ್ಯ ಅಂತ ಅಲ್ಲ.

ಗುಳಿಗೆ ಬಿಟ್ಟ ದಿನ ಏನೂ ಆಗುವುದಿಲ್ಲ

ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಇರುವ ಈ ಗ್ರಂಥಿ ಮುಖ್ಯವಾಗಿ ಥೈರಾಕ್ಸಿನ್ ಎಂಬ ಹಾರ್ಮೋನು ತಯಾರಿಸುತ್ತದೆ. ಇದನ್ನೇ ಟಿ4 ಅನ್ನುತ್ತಾರೆ. ಮೈಯಲ್ಲಿ ಅದು ಟಿ3 ಆಗಿ ಬದಲಾಗಿ ಕೆಲಸ ಮಾಡುತ್ತದೆ. ಹೃದಯ ಎಷ್ಟು ಜೋರಾಗಿ ಬಡಿಯಬೇಕು, ಕರುಳು ಎಷ್ಟು ಚುರುಕಾಗಿ ಚಲಿಸಬೇಕು, ಮೈ ಎಷ್ಟು ಬೆಚ್ಚಗಿರಬೇಕು, ಎಲ್ಲದರಲ್ಲೂ ಇದರ ಕೈ ಇದೆ. ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವ ಕೈ ಅನ್ನಬಹುದು.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಇದಕ್ಕೆ ಟಿಎಸ್ಎಚ್ ಎಂಬ ಇನ್ನೊಂದು ಹಾರ್ಮೋನಿನ ಮೂಲಕ ಕೆಲಸ ಹೇಳುತ್ತದೆ. ರಿಪೋರ್ಟ್ ಕೈಗೆ ಬಂದಾಗ ಜನ ಗೊಂದಲಕ್ಕೆ ಬೀಳುವುದು ಇಲ್ಲೇ. "ಟಿಎಸ್ಎಚ್ ಜಾಸ್ತಿ ಬಂದೈತಿ, ಅಂದ್ರ ಥೈರಾಯ್ಡ್ ಜಾಸ್ತಿ ಆಗೈತಿ" ಅಂತ ಗುಳಿಗೆ ಬಿಟ್ಟವರನ್ನು ನಾನೇ ನೋಡಿದ್ದೇನೆ. ಅರ್ಥ ತಿರುಗುಮುರುಗು. ಬದುವಿನ ಮೇಲೆ ನಿಂತು ಹೊಲದ ಆ ತುದಿಯಲ್ಲಿರುವವರನ್ನು ಕರೆಯುತ್ತೀರಿ. ಓಗೊಡದಿದ್ದರೆ ಇನ್ನೂ ಜೋರಾಗಿ ಕೂಗುತ್ತೀರಿ. ಟಿಎಸ್ಎಚ್ ಆ ಕೂಗು. ಅದು ಜೋರಾಗಿದ್ದರೆ ಆ ಕಡೆ ಕೆಲಸ ನಡೆಯುತ್ತಿಲ್ಲ ಎಂದರ್ಥ. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರಬೇಕಾದ ಟಿಎಸ್ಎಚ್ ದೊಡ್ಡವ್ವನಿಗೆ 100 ದಾಟಿತ್ತು.

ಇನ್ನು ಗುಳಿಗೆ ಬಿಟ್ಟರೂ "ಆರಾಮ ಅದೀನಲ್ಲ" ಅನ್ನಿಸಿದ್ದು ಹೇಗೆ? ದೊಡ್ಡವ್ವ ಸುಳ್ಳು ಹೇಳಿರಲಿಲ್ಲ. ನಿಜವಾಗಿಯೂ ಆರಾಮವೇ ಇದ್ದಳು. ಟಿ4 ರಕ್ತದಲ್ಲಿ ಬಹಳ ದಿನ ಉಳಿಯುತ್ತದೆ. ಅದರ ಅರ್ಧದಷ್ಟು ಖರ್ಚಾಗಲು ಸುಮಾರು 7 ದಿನ ಬೇಕು. ಮುಂದಿನ ವಾರ ಉಳಿದದ್ದರಲ್ಲಿ ಅರ್ಧ, ಅದರ ಮುಂದಿನ ವಾರ ಮತ್ತೆ ಅರ್ಧ. ಬಿ.ಪಿ. ಗುಳಿಗೆಯನ್ನೋ ಸಕ್ಕರೆ ಕಾಯಿಲೆಯ ಗುಳಿಗೆಯನ್ನೋ ತಪ್ಪಿಸಿದರೆ ಬೇಗ ಗೊತ್ತಾಗಬಹುದು. ಇದು ಹಾಗಲ್ಲ. ಮೊದಲ ಒಂದೆರಡು ವಾರ ಮೈ ಹಳೆಯ ಉಳಿತಾಯದ ಮೇಲೆ ನಡೆಯುತ್ತದೆ. "ನೋಡು, ಬಿಟ್ಟರೂ ಏನೂ ಆಗಲಿಲ್ಲ" ಅನ್ನುವ ಧೈರ್ಯ ಬರುತ್ತದೆ. ಆಮೇಲೆ ಇಳಿಯುವುದು ಎಷ್ಟು ನಿಧಾನ ಅಂದರೆ, ಜೊತೆಯಲ್ಲೇ ಇರುವವರಿಗೂ ಕಾಣುವುದಿಲ್ಲ. ದೊಡ್ಡವ್ವನ ರೊಟ್ಟಿ ಬಡಿಯುವ ಸದ್ದು ಆ ಮನೆಯ ಬೆಳಗಿನ ಗುರುತು. ದೀಪಾವಳಿಯ ನಂತರ ಅದು ನಿಧಾನವಾಗಿತ್ತು, ಎಳ್ಳು ಅಮಾವಾಸ್ಯೆಯ ಹೊತ್ತಿಗೆ ನಿಂತೇ ಹೋಗಿತ್ತು. "ವಯಸ್ಸಾತು" ಅಂದುಕೊಂಡೆವು.

ಗ್ರಂಥಿಯೇ ಇಲ್ಲದವರು ಇನ್ನೂ ಹುಷಾರಾಗಿರಬೇಕು. ಗ್ರಂಥಿ ಇದ್ದು ಸೊರಗಿದವರಲ್ಲಿ ಅಲ್ಪಸ್ವಲ್ಪವಾದರೂ ಹಾರ್ಮೋನು ತಯಾರಾಗುತ್ತಿರುತ್ತದೆ. ಆಪರೇಷನ್ ಮಾಡಿ ಪೂರ್ತಿ ತೆಗೆದಿದ್ದರೆ, ಇಲ್ಲವೇ ರೇಡಿಯೋ ಅಯೋಡಿನ್ ಕೊಟ್ಟು ಸುಟ್ಟಿದ್ದರೆ, ಆ ಸಣ್ಣ ಬಿಳಿ ಗುಳಿಗೆಯೇ ಅವರ ಗ್ರಂಥಿ.

ಹೆಸರು ಕೋಮಾ, ಆದರೆ ಶುರುವಾಗುವುದು ತೂಕಡಿಕೆಯಿಂದ

ಕೋಮಾ ಅಂದ ಕೂಡಲೇ ಪೂರ್ತಿ ಎಚ್ಚರ ತಪ್ಪಿ ಬಿದ್ದಿರುತ್ತಾರೆ ಅಂದುಕೊಳ್ಳುತ್ತೇವೆ. ಹೆಚ್ಚಿನವರು ಆಸ್ಪತ್ರೆಗೆ ಬರುವುದು ಹಾಗಲ್ಲ. ಮಂಪರು, ಗೊಂದಲ, ಕೇಳಿದ್ದಕ್ಕೆ ಬಹಳ ಹೊತ್ತಿಗೆ ಉತ್ತರ. ಹಗಲೋ ರಾತ್ರಿಯೋ ಗೊತ್ತಾಗದಿರುವುದು. ವಯಸ್ಸಾದ ಹೆಂಗಸರಲ್ಲಿ, ಚಳಿಗಾಲದಲ್ಲಿ ಜಾಸ್ತಿ. ಮೊದಲೇ ಬಳಲಿದ ಮೈಗೆ ಇನ್ನೊಂದು ಹೊರೆ ಬಿದ್ದಾಗ ಹೀಗಾಗುತ್ತದೆ. ಅದು ನ್ಯುಮೋನಿಯಾ ಇರಬಹುದು, ಮೂತ್ರದ ಸೋಂಕು ಇರಬಹುದು, ಆಪರೇಷನ್ ಇರಬಹುದು. ನಿದ್ದೆ ಗುಳಿಗೆ ಕೊಟ್ಟದ್ದೂ ಇರಬಹುದು. ದೊಡ್ಡವ್ವನಿಗೆ ಮೂತ್ರದ ಸೋಂಕು ಇತ್ತು. ಜ್ವರ ಮಾತ್ರ ಬಂದಿರಲಿಲ್ಲ. ಜ್ವರ ಬರಬೇಕಾದರೂ ಮೈಗೆ ಉರಿ ಬೇಕು! ಇಂಥವರಲ್ಲಿ ಥರ್ಮಾಮೀಟರ್ 98 ತೋರಿಸಿದರೂ ಅದೇ ಅವರ ಪಾಲಿನ ಜ್ವರ ಆಗಿರಬಹುದು ಅಂತ ಆ ವೈದ್ಯೆ ಹೇಳಿದರು.

ಮೈ ತಣ್ಣಗಾಗುವುದು ಹೊರಗೆ ಕಾಣುತ್ತದೆ. ಒಳಗಿನದು ಇನ್ನೂ ಕೆಟ್ಟದ್ದು. ಹೃದಯದ ಬಡಿತ ನಿಧಾನವಾಗುತ್ತದೆ. ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಯಾಕೆಂದರೆ ಮೂತ್ರಪಿಂಡ ಹೆಚ್ಚಿನ ನೀರನ್ನು ಹೊರಗೆ ಹಾಕಲಾರದು. ಸೋಡಿಯಂ ಇಳಿದರೆ ಮಿದುಳು ಮಂಕಾಗುತ್ತದೆ. ಎಲ್ಲಕ್ಕಿಂತ ಅಪಾಯ ಉಸಿರಿನದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ "ಜೋರಾಗಿ ಉಸಿರಾಡು" ಅಂತ ಮಿದುಳು ಎಚ್ಚರಿಸಬೇಕು. ಆ ಎಚ್ಚರವೇ ಮೊಂಡಾಗಿರುತ್ತದೆ. ಉಸಿರು ಕಡಿಮೆಯಾಗುತ್ತದೆ, ಅನಿಲ ಕೂಡಿಕೊಳ್ಳುತ್ತದೆ, ಅದರಿಂದ ಇನ್ನಷ್ಟು ಮಂಪರು. ದೊಡ್ಡವ್ವನನ್ನು ನಾಲ್ಕು ದಿನ ವೆಂಟಿಲೇಟರ್ ಮೇಲೆ ಇಡಬೇಕಾಯಿತು. ಸರಿಯಾದ ಚಿಕಿತ್ಸೆ ಸಿಕ್ಕರೂ ಈ ಹಂತ ತಲುಪಿದವರಲ್ಲಿ ನೂರಕ್ಕೆ 20ರಿಂದ 50 ಜನ ಉಳಿಯುವುದಿಲ್ಲ.

ಇಲ್ಲಿ ನಾವು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು, ಬೇರೆಯವರು ಮಾಡದಿರಲಿ ಅಂತ. ಕೌದಿ ಹೊದಿಸಿದ್ದು ಸರಿ. ಆದರೆ ಅಣ್ಣ ಕಾಲ ಹತ್ತಿರ ಕೆಂಡದ ಬುಟ್ಟಿ ಇಟ್ಟಿದ್ದ, ಅತ್ತಿಗೆ ಬಾಟಲಿಗೆ ಕುದಿಯುವ ನೀರು ತುಂಬಿ ಪಕ್ಕದಲ್ಲಿಟ್ಟಿದ್ದರು. ಎಲ್ಲ ಪ್ರೀತಿಯಿಂದಲೇ. ಮೈಯ ಶಾಖ ಹೋಗದಂತೆ ಚರ್ಮದ ರಕ್ತನಾಳಗಳು ಬಿಗಿಯಾಗಿ ಮುಚ್ಚಿಕೊಂಡಿರುತ್ತವೆ. ಹೊರಗಿನಿಂದ ಜೋರಾಗಿ ಕಾಯಿಸಿದರೆ ಅವು ಒಮ್ಮೆಲೇ ತೆರೆದು ರಕ್ತದೊತ್ತಡ ಕುಸಿದುಬಿಡುತ್ತದೆ. ಆಸ್ಪತ್ರೆಯಲ್ಲೂ ಬರೀ ಕಂಬಳಿ ಹೊದಿಸಿ, ಕೋಣೆ ಬೆಚ್ಚಗಿಟ್ಟು ನಿಧಾನಕ್ಕೆ ಮೈ ಕಾಯುವಂತೆ ಮಾಡಿದರು. ಕೌದಿ ಒಳ್ಳೆಯದು, ಕೆಂಡ ಬೇಡ.

ಔಷಧಿಯಲ್ಲೂ ಒಂದು ಕ್ರಮ ಇದೆ. ಮೊದಲು ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಕೆಲವರಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೂ ಸೊರಗಿರುತ್ತದೆ. ಅದನ್ನು ನೋಡದೆ ಥೈರಾಕ್ಸಿನ್ ಒಂದನ್ನೇ ಕೊಟ್ಟರೆ ಉಳಿದಿದ್ದ ಅಲ್ಪ ಕಾರ್ಟಿಸೋಲೂ ಬೇಗ ಖರ್ಚಾಗಿ ಇನ್ನೊಂದು ಗಂಡಾಂತರ. ಥೈರಾಕ್ಸಿನ್ ಚುಚ್ಚುಮದ್ದು ನಮ್ಮ ದೇಶದಲ್ಲಿ ಎಲ್ಲ ಕಡೆ ಸಿಗುವುದಿಲ್ಲ. ದೊಡ್ಡವ್ವನಿಗೆ ಗುಳಿಗೆಗಳನ್ನು ಪುಡಿ ಮಾಡಿ, ನೀರಲ್ಲಿ ಕಲಸಿ ಮೂಗಿನ ಕೊಳವೆಯಿಂದ ಹೊಟ್ಟೆಗೆ ಬಿಟ್ಟರು. ದಸರೆಯಲ್ಲಿ ಬೇಡ ಅಂದ ಅದೇ ಗುಳಿಗೆ.

ನೀರು ಹಿಡಿದಿಡುವ ಲೋಳೆ

ಆ ವೈದ್ಯೆ ದೊಡ್ಡವ್ವನ ಮೊಣಕಾಲಿನ ಕೆಳಗಿನ ಮುಂಭಾಗವನ್ನು ಹೆಬ್ಬೆರಳಿಂದ ಒತ್ತಿ ತೋರಿಸಿದರು. ಸಾಮಾನ್ಯ ಬಾವಾದರೆ ಒತ್ತಿದ ಜಾಗದಲ್ಲಿ ಕುಳಿ ಉಳಿಯುತ್ತದೆ. ಇಲ್ಲಿ ಉಳಿಯಲಿಲ್ಲ. ಕಾಮಕಸ್ತೂರಿ ಬೀಜವನ್ನು ನೀರಲ್ಲಿ ನೆನೆಸಿದರೆ ಸುತ್ತ ಲೋಳೆ ಕಟ್ಟಿ ಉಬ್ಬುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಥೈರಾಯ್ಡ್ ಬಹಳ ಕಡಿಮೆಯಾದಾಗ ಚರ್ಮದ ಕೆಳಗೆ ಲೋಳೆಯಂಥ ಪದಾರ್ಥ ಕೂಡಿಕೊಂಡು ನೀರನ್ನು ಹಿಡಿದಿಡುತ್ತದೆ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಇಂಥ ಹೆಂಗಸರ ಬಗ್ಗೆ ಬರೆದರು. 1878ರಲ್ಲಿ ವಿಲಿಯಂ ಆರ್ಡ್ ಈ ಲೋಳೆಯನ್ನು ನೋಡಿಯೇ ಮಿಕ್ಸಿಡಿಮಾ ಅಂತ ಹೆಸರಿಟ್ಟರು. ಲೋಳೆಯ ಬಾವು ಅಂತ ಅರ್ಥ.

ಈ ಲೋಳೆ ಮುಖಕ್ಕಷ್ಟೇ ನಿಲ್ಲುವುದಿಲ್ಲ. ಧ್ವನಿಪೆಟ್ಟಿಗೆಯಲ್ಲಿ ಸೇರಿದರೆ ದನಿ ಒಡೆದು ದಪ್ಪಗಾಗುತ್ತದೆ. ನಾಲಿಗೆ ದಪ್ಪವಾಗಿ ರಾತ್ರಿ ಗೊರಕೆ ಬರುತ್ತದೆ, ನಡುನಡುವೆ ಉಸಿರು ನಿಲ್ಲುತ್ತದೆ. ಮಣಿಕಟ್ಟಿನಲ್ಲಿ ನರ ಅದುಮಿ ಬೆರಳು ಜೋಮು ಹಿಡಿಯುತ್ತವೆ. ಕಿವಿ ಮಂದವಾಗುತ್ತದೆ. ಒಬ್ಬರೇ ಮನುಷ್ಯ ಗಂಟಲಿಗೆ ಒಬ್ಬ ವೈದ್ಯರು, ಕೈಗೆ ಇನ್ನೊಬ್ಬರು, ಕಿವಿಗೆ ಮತ್ತೊಬ್ಬರು ಅಂತ ಬೆಳಗಾವಿ, ಮಿರಜ, ಸೊಲ್ಲಾಪುರ ಸುತ್ತುತ್ತಾರೆ. ಒಂದು ರಕ್ತಪರೀಕ್ಷೆ ಮಾತ್ರ ಆಗಿರುವುದಿಲ್ಲ. ನನಗೆ ಈ ವಿಷಯದಲ್ಲಿ ನಿಜಕ್ಕೂ ಸಂಕಟವಾಗುವುದು ಇದು. ಕೆಲವು ನೂರು ರೂಪಾಯಿಯ ಪರೀಕ್ಷೆ. ಅದನ್ನು ಮಾಡಿಸಬೇಕು ಅಂತ ಯಾರಿಗಾದರೂ ಹೊಳೆಯಬೇಕು, ಅಷ್ಟೇ.

ಹೃದಯದ್ದೂ ಹೀಗೇ. ಹೃದಯದ ಸುತ್ತ ಇರುವ ಹೊರಚೀಲದಲ್ಲಿ ನೀರು ಕೂಡಬಹುದು. ಬೇರೆ ಕಾಯಿಲೆಗಳಲ್ಲಿ ಸ್ವಲ್ಪವೇ ನೀರು ಒಮ್ಮೆಲೇ ತುಂಬಿದರೂ ಹೃದಯ ಅದುಮಿಕೊಂಡು ಜೀವಕ್ಕೇ ಕುತ್ತು ಬರುತ್ತದೆ. ಇಲ್ಲಿ ನೀರು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ತುಂಬುವುದರಿಂದ ಚೀಲವೂ ಹಿಗ್ಗುತ್ತಾ ಹೋಗುತ್ತದೆ. ಅರ್ಧ ಲೀಟರ್, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕೂಡಿದ್ದರೂ ಮನುಷ್ಯ ನಡೆದಾಡಿಕೊಂಡೇ ಇರಬಹುದು. ಎಕ್ಸ್‌ರೇಯಲ್ಲಿ ಹೃದಯ ಕೊಡದಂತೆ ದೊಡ್ಡದಾಗಿ ಕಾಣುತ್ತದೆ. ಮನೆಯವರಿಗೆ "ಹೃದಯ ದೊಡ್ಡದಾಗೈತಿ" ಅನ್ನುವ ಒಂದೇ ಮಾತು ತಲೆಯಲ್ಲಿ ಕೂರುತ್ತದೆ. ಹೆಚ್ಚಿನವರಿಗೆ ಸೂಜಿ ಹಾಕಿ ತೆಗೆಯುವುದೂ ಬೇಕಾಗುವುದಿಲ್ಲ. ಥೈರಾಕ್ಸಿನ್ ಶುರು ಮಾಡಿದರೆ ಕೆಲವು ತಿಂಗಳಲ್ಲಿ ತಾನೇ ಇಂಗುತ್ತದೆ.

ಹುಚ್ಚಲ್ಲ, ಹಾರ್ಮೋನು

ಮನಸ್ಸಿನ ತೊಂದರೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಯಾರೋ ಊಟದಲ್ಲಿ ವಿಷ ಹಾಕುತ್ತಿದ್ದಾರೆ ಅನ್ನುವುದು, ಇಲ್ಲದವರ ದನಿ ಕೇಳುವುದು, ಮನೆಯವರನ್ನೇ ನಂಬದಿರುವುದು. ನಮ್ಮ ಕಡೆ ಹೀಗಾದರೆ ಮೊದಲು ಗಾಳಿ ಸೋಂಕಿದೆ ಅನ್ನುತ್ತಾರೆ. ತಾಯತ, ಅಂತ್ರ, ಹೇಳಿಕೆ. ಆಮೇಲೆ ಹುಚ್ಚು ಅನ್ನುವ ಹಣೆಪಟ್ಟಿ. ಹೆಣ್ಣುಮಗಳಾದರೆ ಆ ಪಟ್ಟಿ ಅಂಟಿದ್ದು ಮತ್ತೆ ಬಿಡುವುದೇ ಇಲ್ಲ.

1888ರಲ್ಲೇ ಲಂಡನ್ನಿನ ವೈದ್ಯರ ಸಂಘವೊಂದು ನೂರಕ್ಕೂ ಹೆಚ್ಚು ಮಿಕ್ಸಿಡಿಮಾ ರೋಗಿಗಳ ವರದಿ ತಯಾರಿಸಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಭ್ರಮೆಗಳಿದ್ದವು ಅಂತ ಅದರಲ್ಲಿ ದಾಖಲಾಗಿದೆ. 1949ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯರು ಇಂಥ 14 ಜನರ ಬಗ್ಗೆ ಬರೆದರು. ಥೈರಾಯ್ಡ್ ಔಷಧಿಯಿಂದ ಅವರಲ್ಲಿ ಹಲವರು ಪೂರ್ತಿ ಮೊದಲಿನಂತಾದರು. ಮಾನಸಿಕ ಕಾಯಿಲೆ ಅಂತ ತೋರುವವರಲ್ಲಿ ಥೈರಾಯ್ಡ್ ಕಾರಣ ಇರುವವರು ಕಡಿಮೆ, ನಿಜ. ಆದರೆ ಅವರನ್ನು ಹುಡುಕಿ ತೆಗೆಯುವುದು ಎಷ್ಟು ಸುಲಭ ನೋಡಿ. ಮೊದಲ ಸಲ ಮನಸ್ಸಿನ ತೊಂದರೆ ಕಾಣಿಸಿಕೊಂಡ ಯಾರಿಗೇ ಆಗಲಿ, ಮರೆವು ಶುರುವಾದ ಹಿರಿಯರಿಗೇ ಆಗಲಿ, ಟಿಎಸ್ಎಚ್ ನೋಡಿಸುವುದು ಇವತ್ತು ರೂಢಿ. ನೋಡಿಸಿಲ್ಲದಿದ್ದರೆ ಕೇಳಿ.

ಪೈಲ್ವಾನನಂತೆ ಕಾಣುವ ಮಗು

ಮಕ್ಕಳಲ್ಲಿ ಕಾಣುವ ಒಂದೆರಡು ರೂಪಗಳು ಬಹಳ ಅಪರೂಪ. ಆದರೂ ಹೇಳುತ್ತೇನೆ, ಯಾಕೆಂದರೆ ನೋಡಿದವರು ಮರೆಯುವುದಿಲ್ಲ.

ಗರಡಿ ಮನೆಗಳ ನಾಡು ನಮ್ಮದು. ಐದಾರು ವರ್ಷದ ಹುಡುಗನ ಮೀನಖಂಡ, ತೋಳು ಗಟ್ಟಿಯಾಗಿ ಉಬ್ಬಿದ್ದರೆ ಯಾರೇ ಆಗಲಿ "ಪೈಲ್ವಾನ ಆಗ್ತಾನ" ಅಂತ ಖುಷಿಪಡುತ್ತಾರೆ. ಆದರೆ ಆ ಹುಡುಗ ಓಡಲಾರ, ಮೆಟ್ಟಿಲು ಹತ್ತುವಾಗ ತಡವರಿಸುತ್ತಾನೆ, ಓರಗೆಯವರಿಗಿಂತ ಗಿಡ್ಡ, ಮಾತು ನಿಧಾನ. ಬಹಳ ದಿನ ಚಿಕಿತ್ಸೆ ಸಿಗದ ಥೈರಾಯ್ಡ್ ಕೊರತೆಯಲ್ಲಿ ಸ್ನಾಯುಗಳು ಹೀಗೆ ದಪ್ಪವಾಗಬಹುದು. ಗಾತ್ರ ಇರುತ್ತದೆ, ಬಲ ಇರುವುದಿಲ್ಲ. 1892ರಲ್ಲಿ ಕೋಕರ್, 1935ರಲ್ಲಿ ದೆಬ್ರೆ ಮತ್ತು ಸೆಮೆಲೇನ್ ಇದನ್ನು ವಿವರಿಸಿದ್ದರಿಂದ ಮೂವರ ಹೆಸರಲ್ಲೂ ಇದನ್ನು ಕರೆಯುತ್ತಾರೆ. ದೊಡ್ಡವರಲ್ಲೂ ಇಂಥದ್ದೇ ಆಗುತ್ತದೆ. 1897ರಲ್ಲಿ ಹಾಫ್‌ಮನ್ ಅದನ್ನು ವರ್ಣಿಸಿದರು. ಕೈಕಾಲು ಬಿಗಿತ, ಸೆಳೆತ, ರಕ್ತದಲ್ಲಿ ಸಿಪಿಕೆ ಎಂಬ ಸ್ನಾಯುಗಳ ಕಿಣ್ವ ಏರಿರುವುದು. ಇದರ ಸುಳಿವು ಹಿಡಿಯಲು ರಬ್ಬರಿನ ಸಣ್ಣ ಸುತ್ತಿಗೆ ಸಾಕು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಬಡಿದರೆ ಪಾದ ಜಿಗಿಯುತ್ತದೆ, ಕೂಡಲೇ ವಾಪಸ್ ಬರುತ್ತದೆ. ದೊಡ್ಡವ್ವನ ಪಾದ ಜಿಗಿಯಿತು, ಆಮೇಲೆ ಕೆಳಗಿಳಿಯಲು ಸಮಯ ತೆಗೆದುಕೊಂಡಿತು. ಕಣ್ಣಿಗೆ ಕಾಣುವಷ್ಟು ನಿಧಾನವಾಗಿ, ಎಣ್ಣೆಯಲ್ಲಿ ಮುಳುಗಿದಂತೆ. ಆ ಒಂದು ಗಳಿಗೆಯಲ್ಲಿ ನನಗೆ ಈ ಕಾಯಿಲೆ ಅರ್ಥವಾಯಿತು.

ಇನ್ನೊಂದು ಹೆಣ್ಣುಮಕ್ಕಳದ್ದು. ಏಳೆಂಟು ವರ್ಷಕ್ಕೇ ಋತುಸ್ರಾವ ಶುರುವಾಗುತ್ತದೆ, ಆದರೆ ಮಗು ಎತ್ತರ ಬೆಳೆಯುತ್ತಿರುವುದಿಲ್ಲ. ಬೇರೆ ಕಾರಣಗಳಿಂದ ಬೇಗ ಮೈನೆರೆದರೆ ಮಕ್ಕಳು ಆ ಹೊತ್ತಿಗೆ ಸರ್ರನೆ ಎತ್ತರವಾಗುತ್ತಾರೆ. ಇಲ್ಲಿ ಬೆಳವಣಿಗೆ ನಿಂತಿರುತ್ತದೆ. ಸ್ಕ್ಯಾನ್ ಮಾಡಿದರೆ ಅಂಡಾಶಯದಲ್ಲಿ ದೊಡ್ಡ ನೀರುಗುಳ್ಳೆಗಳು ಕಾಣುತ್ತವೆ. ಗಡ್ಡೆ ಅಂದುಕೊಂಡು ಕೊಯ್ದದ್ದೂ ಉಂಟು. 1960ರಲ್ಲಿ ವ್ಯಾನ್ ವೈಕ್ ಮತ್ತು ಗ್ರಂಬಾಕ್ ಇದನ್ನು ವಿವರಿಸಿದರು. ಕಾರಣ ಸ್ವಾರಸ್ಯವಾಗಿದೆ. ಟಿಎಸ್ಎಚ್ ಮತ್ತು ಅಂಡಾಶಯವನ್ನು ಎಚ್ಚರಿಸುವ ಎಫ್ಎಸ್ಎಚ್ ಎಂಬ ಹಾರ್ಮೋನು ರಚನೆಯಲ್ಲಿ ಅಕ್ಕತಂಗಿಯರು. ಟಿಎಸ್ಎಚ್ ವಿಪರೀತ ಏರಿದಾಗ, ತನ್ನದಲ್ಲದ ಕೀಲಿಯನ್ನೂ ತೆರೆದುಬಿಡುತ್ತದೆ. ಗುಳಿಗೆ ಶುರು ಮಾಡಿದರೆ ಗುಳ್ಳೆ ಕರಗುತ್ತವೆ, ಸ್ರಾವ ನಿಲ್ಲುತ್ತದೆ. ಬಹಳ ದಿನ ಕೂಗಿ ಕೂಗಿ ಪಿಟ್ಯುಟರಿ ಗ್ರಂಥಿಯೇ ಊದಿಕೊಳ್ಳುವುದೂ ಇದೆ. ಎಂಆರ್‌ಐಯಲ್ಲಿ ಮಿದುಳಿನ ಗಡ್ಡೆಯಂತೆ ಕಾಣುತ್ತದೆ. ಅದೂ ಗುಳಿಗೆಯಿಂದಲೇ ಇಳಿಯುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮಲಬದ್ಧತೆ ವಿಪರೀತವಾಗಿ ಕರುಳು ಚಲನೆಯನ್ನೇ ನಿಲ್ಲಿಸಬಹುದು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಕಡಿಮೆಯಾಗಿ ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದಿರಬಹುದು, ಮುಟ್ಟಿನ ಸ್ರಾವ ಮಿತಿಮೀರಬಹುದು. ನಡಿಗೆ ತೂರಾಡಬಹುದು. ಅರಿವಳಿಕೆ ಕೊಟ್ಟರೆ ಎಚ್ಚರವಾಗಲು ತಡವಾಗಬಹುದು. ಅದಕ್ಕೇ ಯಾವ ಆಪರೇಷನ್ ಇರಲಿ, ಥೈರಾಯ್ಡ್ ಇದೆ ಅಂತ ಮೊದಲೇ ಹೇಳಬೇಕು.

ಇವುಗಳಲ್ಲಿ ಹೆಚ್ಚಿನವು ಗುಳಿಗೆಯಿಂದ ವಾಪಸ್ ಬರುತ್ತವೆ. ವಾಪಸ್ ಬಾರದ್ದು ಒಂದಿದೆ. ಹುಟ್ಟಿನಿಂದಲೇ ಕೊರತೆ ಇರುವ ಕೂಸಿನ ಮಿದುಳು. ನಮ್ಮ ದೇಶದಲ್ಲಿ ಸಾವಿರ ಕೂಸುಗಳಲ್ಲಿ ಸುಮಾರು ಒಂದಕ್ಕೆ ಹೀಗಿರುತ್ತದೆ. ಹುಟ್ಟಿದಾಗ ಹೊರಗೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. "ಕೂಸು ಭಾಳ ಶಾಣ್ಯಾ, ಅಳೂದಿಲ್ಲ, ಮಲಗೇ ಇರ್ತೈತಿ" ಅಂತ ಬಾಣಂತಿ ಕೋಣೆಯಲ್ಲಿ ಸಂತೋಷಪಡುತ್ತಾರೆ. ಆಮೇಲೆ ನೋಡಿದರೆ ಕಾಮಾಲೆ ಬೇಗ ಹೋಗುವುದಿಲ್ಲ, ಹೊಕ್ಕಳು ಉಬ್ಬಿರುತ್ತದೆ, ಅಳು ಒಡೆದ ದನಿಯಲ್ಲಿರುತ್ತದೆ. ಎರಡು ವಾರದೊಳಗೆ ಔಷಧಿ ಶುರುವಾದರೆ ಆ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ. ತಿಂಗಳುಗಳು ಕಳೆದರೆ ಹೋದ ಬುದ್ಧಿ ಮತ್ತೆ ಬರುವುದಿಲ್ಲ. ಹುಟ್ಟಿದ ಮೂರರಿಂದ ಐದನೇ ದಿನದೊಳಗೆ ಹಿಮ್ಮಡಿಗೆ ಚುಚ್ಚಿ ತೆಗೆಯುವ ಒಂದೆರಡು ಹನಿ ರಕ್ತ ಸಾಕು. ಹೆರಿಗೆಯಾದ ಆಸ್ಪತ್ರೆಯಲ್ಲಿ ಇದನ್ನು ಬಾಯಿಬಿಟ್ಟು ಕೇಳಿ.

ಚಾಕ್ಕಿಂತ ಮೊದಲು

1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರು ಮಿಕ್ಸಿಡಿಮಾ ಆಗಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿದರು. ಆಕೆ ಅದಾದ ಮೇಲೆ 28 ವರ್ಷ ಬದುಕಿ, 1919ರಲ್ಲಿ 74ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತಂತೆ. ಕುರಿ ಕಾಯುವ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಈ ಲೆಕ್ಕ ಹೇಳಿದಾಗ ಅವರ ಕಣ್ಣು ಅರಳಿದ್ದು ನೋಡಬೇಕಿತ್ತು. ಇವತ್ತು ಅದೇ ಕೆಲಸಕ್ಕೆ ದಿನಕ್ಕೊಂದು ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಳಿಗೆ.

ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ನಮ್ಮ ಕಡೆ ಕಷ್ಟ ಇರುವುದೇ ಇಲ್ಲಿ, ಎದ್ದ ಕೂಡಲೇ ಚಾ ಬೇಕು. ಚಾ ಜೊತೆ ನುಂಗಿದರೆ ಗುಳಿಗೆ ಪೂರ್ತಿ ರಕ್ತ ಸೇರುವುದಿಲ್ಲ. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ನಾಲ್ಕು ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ಶ್ರಾವಣದ ಉಪವಾಸ ಅಂತ ಬಿಡುವವರಿದ್ದಾರೆ. ಉಪವಾಸದ ದಿನ ಹೊಟ್ಟೆ ಖಾಲಿಯೇ ಇರುತ್ತದೆ, ಅವತ್ತು ತೆಗೆದುಕೊಳ್ಳುವುದು ಇನ್ನೂ ಸುಲಭ. ಅಯೋಡಿನ್ ಉಪ್ಪು ತಿನ್ನುತ್ತೇನೆ, ಗುಳಿಗೆ ಯಾಕೆ ಅನ್ನುವವರೂ ಇದ್ದಾರೆ. ಗ್ರಂಥಿಯೇ ಸೊರಗಿದ ಮೇಲೆ ಉಪ್ಪು ಅದರ ಕೆಲಸ ಮಾಡದು. ಗರ್ಭಿಣಿಯರು ಗುಳಿಗೆ ಬಿಡಲೇಬಾರದು. ಅವರಿಗೆ ಸಾಮಾನ್ಯವಾಗಿ ಇನ್ನೂ ಜಾಸ್ತಿಯೇ ಬೇಕಾಗುತ್ತದೆ, ತಿಂಗಳು ನಿಂತ ಕೂಡಲೇ ವೈದ್ಯರಿಗೆ ಹೇಳಬೇಕು. ಬಿಟ್ಟುಹೋಗಿದ್ದ ಗುಳಿಗೆಯನ್ನು ಗಾಬರಿಯಿಂದ ಒಮ್ಮೆಲೇ ಜಾಸ್ತಿ ನುಂಗುವುದೂ ತಪ್ಪು. ವಯಸ್ಸಾದವರ ಹೃದಯಕ್ಕೆ ಅದು ಪೆಟ್ಟು ಕೊಡುತ್ತದೆ. ಅವರಿಗೆ ಸಾಮಾನ್ಯವಾಗಿ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ.

ದೊಡ್ಡವ್ವ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳು. ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುವ ಸದ್ದು ವಾರ್ಡಿನ ಕಿಟಕಿಗೆ ಕೇಳಿದ ರಾತ್ರಿ ಮೊದಲ ಸಲ ತಾನಾಗಿ ಕಣ್ಣು ತೆರೆದು, "ಜಾತ್ರಿ ಐತೇನು?" ಅಂದಳು. ದನಿ ಇನ್ನೂ ಒಡೆದೇ ಇತ್ತು. ಆರು ವಾರದ ನಂತರ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್ಎಚ್ 14ಕ್ಕೆ ಇಳಿದಿತ್ತು. ಇನ್ನೂ ಜಾಸ್ತಿಯೇ. ವೈದ್ಯೆ ಗುಳಿಗೆಯನ್ನು 75ರಿಂದ 88ಕ್ಕೆ ಏರಿಸಿದರು. ಬಾಟಲಿಯನ್ನು ಅತ್ತಿಗೆ ಚಾಪುಡಿ ಡಬ್ಬಿಯ ಮುಂದೆ ಇಟ್ಟಿದ್ದಾರೆ, ಅದನ್ನು ಸರಿಸದೆ ಡಬ್ಬಿ ಕೈಗೆ ಸಿಗುವುದಿಲ್ಲ. ಯುಗಾದಿಗೆ ಹೋದಾಗ ಬೆಳಿಗ್ಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಮೊದಲಿನಷ್ಟು ಚುರುಕಿಲ್ಲ. ಮುಂದಿನ ರಕ್ತ ಪರೀಕ್ಷೆ ಇನ್ನೂ ಮೂರು ವಾರಕ್ಕಿದೆ.